ನೀರು ಮುಚ್ಚುವ ಕೈ

ದೊಡ್ಡವ್ವನ ಮುಂಗೈ ತುಂಬ ಗೀರುಗಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಲವು ಹಳೆಯವು, ಬಿಳಿ ದಾರ ಅಂಟಿಸಿದ ಹಾಗೆ. ಕೆಲವು ಅಂದಿನವೇ, ಇನ್ನೂ ಕೆಂಪು ಆರದವು. ಅವುಗಳ ಮೇಲೆ ಹಸಿರು ಬಳೆಗಳು ಹಿಂದೆ ಮುಂದೆ ಆಡುತ್ತಿದ್ದವು. ಲಿಂಬೆ ಗಿಡದ ಮುಳ್ಳು ಬರೆದ ಗೀರು ಅವು. ಕಾಯಿ ಬಿಡಿಸುವ ಉಳಿದ ಹೆಂಗಸರು ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಗಿಡಕ್ಕೆ ಕೈ ಹಾಕುತ್ತಿದ್ದರು. ದೊಡ್ಡವ್ವನದು ಅಷ್ಟು ತಡೆಯುವ ಸ್ವಭಾವವಲ್ಲ. ಅಂಗಿ ಹುಡುಕಿ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಎರಡು ಗಿಡ ಮುಗಿಸಿರುತ್ತಿದ್ದಳು.

ಆಕೆ ನನ್ನ ತಾಯಿಯ ಅಕ್ಕ. ಇಂಡಿಯಲ್ಲಿ ಬಸ್ಸಿಳಿದು, ಟಂಟಂ ರಿಕ್ಷಾ ಹತ್ತಿ, ಅದು ನಿಂತಲ್ಲಿಂದ ಇನ್ನೊಂದಿಷ್ಟು ನಡೆದರೆ ಆಕೆಯ ಊರು. ಊರಿನ ಆಚೆ ಬಾವಿ, ಬಾವಿಯ ಸುತ್ತ ಲಿಂಬೆಯ ತೋಟ. ನಾನು ಚಿಕ್ಕವಳಿದ್ದಾಗ ನಾವು ಸಿಂದಗಿಯಲ್ಲಿದ್ದೆವು. ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತಿದ್ದಳು, ಕೈಯಲ್ಲಿ ಲಿಂಬೆ ಹಣ್ಣಿನ ಚೀಲ. ಅವ್ವ ಚಹಾ ಕೊಟ್ಟರೆ ಬಾಗಿಲಲ್ಲಿ ನಿಂತೇ ಕುಡಿಯುವಳು. “ಕುಂದರ ಅಕ್ಕಾ” ಎಂದರೆ, “ಕುಂತ್ರ ಮತ್ತ ಏಳಬೇಕಾಗತೈತಿ” ಎಂದು ಕಪ್ಪು ತಾನೇ ತೊಳೆದಿಟ್ಟು, ಬಂದ ಬಸ್ಸು ತಿರುಗಿಸಿಕೊಂಡು ಹೊರಡುವಷ್ಟರಲ್ಲಿ ಅದೇ ಬಸ್ಸಿಗೆ ವಾಪಸು. ಮದುವೆಮನೆಯಲ್ಲಿ ಎಲ್ಲರೂ ಪಂಕ್ತಿಯಲ್ಲಿ ಕುಳಿತರೆ ಈಕೆ ಬಡಿಸುವವರ ಹಿಂದೆ. ಬಡಿಸುವವರು ಕುಳಿತರೆ ಈಕೆ ಮನೆಗೆ ಹೊರಟಿರುತ್ತಿದ್ದಳು. ದೊಡ್ಡವ್ವ ಕುಳಿತದ್ದನ್ನು ನಾನು ಸರಿಯಾಗಿ ನೋಡಿದ್ದು ಒಂದೇ ಸಲ. ಅದು ಬೆಂಗಳೂರಿನಲ್ಲಿ, ಲಾಲ್‌ಬಾಗಿನ ಒಂದು ಕಲ್ಲುಬೆಂಚಿನ ಮೇಲೆ. ಅದನ್ನು ಹೇಳಲಿಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಲಿಂಬೆ ಬೆಳೆಯದವರಿಗೆ ಮೊದಲು ಒಂದು ವಿಷಯ ತಿಳಿಸಬೇಕು. ಬೇಸಿಗೆಯಲ್ಲಿ ಕಾಯಿ ಕೈಗೆ ಬರಬೇಕೆಂದರೆ ದಸರೆಯ ಆಸುಪಾಸಿನಲ್ಲಿ ಗಿಡಕ್ಕೆ ನೀರು ಮುಚ್ಚಬೇಕು. ಬೇಕಂತಲೇ. ಗಿಡ ಬಾಡುತ್ತದೆ, ಎಲೆ ಮುದುಡುತ್ತದೆ, ಹಳದಿಯಾಗಿ ಒಂದಿಷ್ಟು ಉದುರಿಯೂ ಹೋಗುತ್ತದೆ. ಇನ್ನೇನು ಗಿಡ ಹೋಯಿತು ಎನ್ನುವ ಹೊತ್ತಿಗೆ ನೀರು ಬಿಟ್ಟರೆ ಮೈತುಂಬ ಹೂವು. ನಾಲ್ಕು ದಿನ ಮೊದಲೇ ಬಿಟ್ಟರೆ ಬರೀ ಚಿಗುರು ಬರುತ್ತದೆ, ಹೂವಿಲ್ಲ. ನಾಲ್ಕು ದಿನ ತಡವಾದರೆ ಟೊಂಗೆಯೇ ಒಣಗುತ್ತದೆ. ಆ ಒಂದು ದಿನ ಯಾವುದು ಎಂದು ಗುರುತು ಹಿಡಿಯುವುದರಲ್ಲಿ ಇಡೀ ವರ್ಷ ನಿಂತಿದೆ.

ನಮ್ಮ ಆ ಕಡೆಯ ನಾಲ್ಕಾರು ಊರುಗಳಲ್ಲಿ ಆ ದಿನ ಹೇಳುವವಳು ದೊಡ್ಡವ್ವ. ಬಿಸಿಲು ಏರುವ ಮೊದಲು ತೋಟಕ್ಕೆ ಹೋಗಿ, ಮೂಡಣ ಬದಿಯ ಒಂದು ಎಲೆ ಕಿತ್ತು, ಕಿವಿಯ ಹತ್ತಿರ ಹಿಡಿದು ಮಡಚುತ್ತಿದ್ದಳು. ಅದು ಯಾವ ಸದ್ದು ಮಾಡಬೇಕು, ಯಾವುದು ಮಾಡಬಾರದು ಎಂಬುದು ಆಕೆಗೊಬ್ಬಳಿಗೇ ಗೊತ್ತು. ಮೋಟರ್‌ಸೈಕಲ್ ಮೇಲೆ ಬಂದ ದೊಡ್ಡ ದೊಡ್ಡ ತೋಟದ ಗೌಡರು ಚಪ್ಪಲಿ ಬಿಟ್ಟು ನಿಂತು ಕಾಯುತ್ತಿದ್ದರು. “ಇನ್ನೂ ತಡೀರಿ. ಮಧ್ಯಾಹ್ನ ಮುದುಡಿ ಸಂಜಿಕ ಬಿಚ್ಚತಾವ. ಮುಂಜಾನೆನೂ ಮುದುಡಿದ್ದು ಮುದುಡೇ ಇದ್ರ ಹೇಳಿಕಳಸ್ರಿ” ಎಂದು ಎಲೆಯನ್ನು ಒಗೆದು ನಡೆದುಬಿಡುವಳು. “ಚಹಾ ಕುಡದ ಹೋಗ್ರಿ ಅಕ್ಕಾರ” ಎಂದು ಅವರು ಹಿಂದಿನಿಂದ ಕೂಗುತ್ತಲೇ ಇರಬೇಕು.

ದೊಡ್ಡಪ್ಪನಿಗೆ ಈ ವಿದ್ಯೆ ಹತ್ತಲಿಲ್ಲ. ಒಳ್ಳೆಯ ಮನುಷ್ಯ, ದಪ್ಪ ಮೀಸೆ, ಮೆತ್ತನೆಯ ಕರುಳು. ಗಿಡದ ಎಲೆ ಬಾಡಿದರೆ ಆತನ ಮುಖ ಬಾಡುತ್ತಿತ್ತು. “ನಿಮ್ಮ ದೊಡ್ಡಪ್ಪನ ಕೈಯಾಗ ನೀರಿನ ವಾಲ್ ಕೊಟ್ರ ಮುಗೀತು, ಮಳಿಗಾಲದಾಗೂ ನೀರ ಬಿಡ್ತಾರ” ಎಂದು ದೊಡ್ಡವ್ವ ಅವರ ಎದುರಿಗೇ ಆಡಿಕೊಳ್ಳುವಳು. ಆತ ನಗುತ್ತಿದ್ದರು. ನೀರು ಮುಚ್ಚಿದ ದಿನಗಳಲ್ಲಿ ತೋಟದ ದಾರಿಯಲ್ಲೇ ಹಾಯುತ್ತಿರಲಿಲ್ಲ.

ಆ ವರ್ಷ ನಾನು ಬೆಂಗಳೂರಿನಲ್ಲಿದ್ದೆ. ಮನೆಯವರ ಸರಕಾರಿ ಕೆಲಸ ಅಲ್ಲಿತ್ತು. ಲಾಲ್‌ಬಾಗಿಗೆ ಹತ್ತು ನಿಮಿಷದ ದಾರಿಯಲ್ಲಿ ಬಾಡಿಗೆ ಮನೆ. ದಸರೆ ಮುಗಿದ ವಾರ, ತುಂಬಿದ ದಿನಗಳಲ್ಲಿ ನನ್ನ ಕೂಸು ಹೋಯಿತು. ಹುಟ್ಟಿತು, ಉಸಿರಾಡಲಿಲ್ಲ. ಅಷ್ಟೇ ಬರೆಯಬಲ್ಲೆ. ಅವ್ವ ತೀರಿಕೊಂಡು ಅದಾಗಲೇ ಎರಡು ವರ್ಷವಾಗಿತ್ತು. ಮನೆಯವರು ಯಾರಿಗೆ ಫೋನು ಮಾಡಬೇಕೆಂದು ತಿಳಿಯದೆ ದೊಡ್ಡವ್ವನಿಗೆ ಮಾಡಿದರಂತೆ. ಮೂರನೆಯ ದಿನ ಮುಂಜಾನೆ ವಿಜಯಪುರದ ರೈಲು ಇಳಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಲಿಂಬೆಯ ಚೀಲ.

“ಎಂಟ ದಿನ ಇರ್ತೇನಿ. ನೀರ ಮುಚ್ಚಿ ಬಂದೇನಿ” ಎಂದಳು. ನಮ್ಮ ಮನೆಯವರು ಮುದ್ದೇಬಿಹಾಳದ ಕಡೆಯವರು, ಜೋಳ ತೊಗರಿಯ ಮನೆತನ. ಅವರಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ದಸರೆಗೆ ಮುಚ್ಚಿದ ನೀರನ್ನು ಬಿಡುವ ದಿನಕ್ಕೆ ಆಕೆ ತೋಟದಲ್ಲಿರಬೇಕು.

ಆಕೆ ಅಳಲಿಲ್ಲ, ನನಗೂ ಅಳು ಎನ್ನಲಿಲ್ಲ. ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ತೆಗೆದು ತೊಳೆದಳು. ತೊಳೆದದ್ದನ್ನು ಮರುದಿನ ಮತ್ತೆ ತೊಳೆದಳು. ಎರಡು ಕೋಣೆಯ ಮನೆಯಲ್ಲಿ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಹಾಲು ನಿಲ್ಲಲು ಗುಳಿಗೆ ಕೊಟ್ಟಿದ್ದರು, ಅದು ಇನ್ನೂ ನಿಂತಿರಲಿಲ್ಲ. ಒಂದಿಷ್ಟು ಹೊರಗೆ ನಡೆದಾಡಿಸಿ ಎಂದು ಡಾಕ್ಟರು ಹೇಳಿದ್ದನ್ನು ದೊಡ್ಡವ್ವ ಎಲ್ಲಿಂದಲೋ ಕೇಳಿಕೊಂಡಳು. ಮರುದಿನ ಮುಂಜಾನೆ ನನ್ನ ಹೊದಿಕೆ ಎಳೆದು, “ಏಳವ್ವಾ. ನೀ ಮಕ್ಕೊಂಡ್ರ ನಂಗ ಕಾಲ ಹರೀತಾವ. ಆ ಲಾಲ್‌ಬಾಗ ಅಂತಾರಲ್ಲ, ತೋರಸು” ಎಂದಳು. ಮಗಳನ್ನು ಸುಧಾರಿಸಲು ಕರೆದೊಯ್ಯುವವಳ ಹಾಗಲ್ಲ. ತನಗೇ ಉಸಿರು ಕಟ್ಟಿದವಳ ಹಾಗೆ. ಅದಕ್ಕೇ ನಾನು ಎದ್ದೆ.

ಆಕೆಗೆ ಲಾಲ್‌ಬಾಗ್ ಅಷ್ಟೇನೂ ಹಿಡಿಸಲಿಲ್ಲ. ಮುಂಜಾನೆಯ ವಾಕಿಂಗಿನವರನ್ನು ನಿಂತು ನೋಡಿ, “ಇವರೆಲ್ಲಿಗಿ ಹೊಂಟಾರ?” ಎಂದಳು.

“ಎಲ್ಲಿಗೂ ಇಲ್ಲ ದೊಡ್ಡವ್ವ. ಸುಮ್ನ ನಡ್ಯಾಕ ಬಂದಾರ.”

“ಕೆಲಸಿಲ್ಲದ ಇಷ್ಟ ಜೋರ ನಡೀತಾರ. ಕೆಲಸಿದ್ರ ಎಷ್ಟ ಜೋರ ನಡದಾರು!”

ಗಾಜಿನ ಮನೆಯನ್ನು ಒಂದು ಸುತ್ತು ಹಾಕಿ, “ಇಷ್ಟ ದೊಡ್ಡ ಮನಿ ಕಟ್ಟಿ ಒಳಗ ಯಾರೂ ಇರಂಗಿಲ್ಲೇನ?” ಎಂದಳು. ಮರಗಳಿಗೆ ಹೊಡೆದ ಹೆಸರಿನ ಫಲಕಗಳನ್ನು ಮಾತ್ರ ಒಂದೊಂದೇ ಅಕ್ಷರ ಕೂಡಿಸಿ ಓದುವಳು. ಓದಿ ಮುಗಿದ ಮೇಲೆ ಮರದ ಬುಡ ತಟ್ಟಿ ಮುಂದಕ್ಕೆ. ಆನೆಯ ಕಾಲಿನಂಥ ಬೇರು ಬಿಟ್ಟ ಆ ಹಳೆಯ ಬೂರುಗದ ಮರದ ಮುಂದೆ ನಾನು ನಿಂತರೆ ನನ್ನ ಸೆರಗು ಹಿಡಿದು ಜಗ್ಗುವಳು. “ನಡಿ, ಇದು ಎಲ್ಲಿಗೂ ಹೋಗಂಗಿಲ್ಲ.” ದಿನವೂ ಕೊನೆಗೆ ಬಂಡೆಗಲ್ಲಿನ ಗುಡ್ಡ ಹತ್ತಬೇಕು. ಹತ್ತಿ ನಿಂತು ಸೂರ್ಯ ಎಲ್ಲಿದ್ದಾನೆ ನೋಡಿ, ಬಡಗಣ ದಿಕ್ಕಿಗೆ ತಿರುಗಿ, ಊರಿನ ಕಡೆ ಮೋಡ ಇದೆಯೋ ಎಂದು ಹುಬ್ಬಿಗೆ ಕೈ ಹಚ್ಚುವಳು. ನೀರು ಮುಚ್ಚಿದಾಗ ಮಳೆ ಬಂದರೆ ಮಾಡಿದ್ದೆಲ್ಲ ಹೊಳೆಗೆ ಹಾಕಿದಂತೆ. ಇಲ್ಲಿಂದ ಇಂಡಿಯ ಮೋಡ ಕಾಣುವುದಿಲ್ಲ ಎಂದು ಆಕೆಗೂ ಗೊತ್ತಿತ್ತು.

ಗುಡ್ಡದ ಮೇಲಿಂದಲೇ ದೊಡ್ಡಪ್ಪನಿಗೆ ವಿಡಿಯೋ ಕಾಲ್. ಫೋನು ನಾನು ಹಿಡಿಯಬೇಕು.

“ರೀ, ಎಲಿ ತೋರಸ್ರಿ.”

ಪರದೆಯ ಮೇಲೆ ದೊಡ್ಡಪ್ಪನ ಮೀಸೆ.

“ಮೀಸಿ ಬ್ಯಾಡ್ರಿ, ಎಲಿ!”

“ತೋರಸಾಕತ್ತೇನಲ್ಲ?” ಈಗ ಆತನ ಒಂದು ಕಿವಿ, ಹಿಂದೆ ಆಕಾಶ.

“ಹೋಗ್ಲಿ, ಬಾಯಿಲೆ ಹೇಳ್ರಿ. ಮುಂಜಾನೆ ಹೆಂಗಿದ್ವು?”

“ಎಲಿ ಎಲಿ ಹಂಗ ಅದಾವ. ನೋಡಾಕ ಆಗವಲ್ದು. ಒಂದ್ ತಾಸ ನೀರ ಬಿಟ್ಟ ಬಿಡ್ಲೇನ?”

“ವಾಲ್ ಮುಟ್ಟೀರಿ, ನೋಡ್ರಿ! ನಾ ಬರೂತನಾ ಬಾವಿ ಕಡೆ ಕಾಲ ಇಡಬ್ಯಾಡ್ರಿ.”

ಫೋನು ಇಟ್ಟ ಮೇಲೆ ಗುಡ್ಡ ಇಳಿಯುವಾಗ ಆಕೆಯ ಬಾಯಲ್ಲಿ ದಿನಗಳ ಎಣಿಕೆ. ಎಲ್ಲಿಯಾದರೂ ಒಂದು ಎಲೆ ಕಂಡರೆ ಕಿತ್ತು ಕಿವಿಯ ಹತ್ತಿರ ಮಡಚುವಳು. ಹಲಸಿನದು, ಹೊಂಗೆಯದು, ಯಾವ ದೇಶದ್ದೋ ಹೆಸರೇ ಬಾರದ ಮರದ್ದು. “ಇದಕ್ಕೆಲ್ಲ ನೀರ ಹೆಚ್ಚಾಗೇತಿ” ಎಂದು ಒಗೆಯುವಳು. ಒಮ್ಮೆ ನಾನು ಕೇಳಿಯೇಬಿಟ್ಟೆ. “ದೇವರು ನನಗೂ ಹಿಂಗ ನೀರ ಮುಚ್ಚ್ಯಾನೇನ ದೊಡ್ಡವ್ವ? ಮುಂದ ಹೂವ ಬಿಡ್ಲಿ ಅಂತ?”

ಆಕೆ ಗಕ್ಕನೆ ನಿಂತಳು. “ಯಾಂವ ಹೇಳ್ದ ನಿನಗ ಹಂಗಂತ?”

“ಯಾರೂ ಹೇಳಿಲ್ಲ. ನಾನss ಅಂದ್ಕೊಂಡ್ನಿ.”

“ಅಂದ್ಕೋಬ್ಯಾಡ. ಗಿಡಕ್ಕ ನಾ ಬೇಕಂತ ಮುಚ್ಚತೇನಿ, ಕಾಯಿ ಆಸಿಗಿ. ನಿನಗ ಯಾರೂ ಬೇಕಂತ ಮಾಡಿಲ್ಲ. ಆತು, ಅಷ್ಟ. ಅದರಾಗ ಒಳ್ಳೇದ ಹುಡಕಬ್ಯಾಡ.” ಮತ್ತೆ ನಡೆದಳು, ಮೊದಲಿಗಿಂತ ಜೋರಾಗಿ. ಬಂದವರೆಲ್ಲ ನನಗೆ ಏನೇನೋ ಸಮಾಧಾನ ಹೇಳಿ ಹೋಗಿದ್ದರು. ಆ ಮಾತುಗಳಲ್ಲಿ ಒಂದೂ ಈಗ ನೆನಪಿಲ್ಲ. ಇದು ಇದೆ.

ಎಂಟನೆಯ ದಿನ ಬಂತು. ಸಂಜೆಯ ರೈಲಿಗೆ ಟಿಕೀಟು ಆಗಿತ್ತು. ಮುಂಜಾನೆ ಕೊನೆಯ ಸಲ ಹೋಗಿಬರೋಣ ಎಂದು ಹೊರಟೆವು. ಅಂದು ಬೇರೆ ದಾರಿ ಹಿಡಿದೆವು. ಸಸಿ ಬೆಳೆಸುವ ಕಡೆ ಬೇಲಿಯ ಪಕ್ಕದಲ್ಲಿ ಒಂದು ಲಿಂಬೆ ಗಿಡ ಸಿಕ್ಕಿತು. ಎಂಟು ದಿನದಲ್ಲಿ ಆಕೆ ಕಂಡ ಮೊದಲ ಲಿಂಬೆ ಗಿಡ. ನೋಡಿದವಳೇ ಓಡಿದಳು. ಆಳೆತ್ತರದ ಗಿಡ, ಎಣ್ಣೆ ಹಚ್ಚಿದಂಥ ಕಡುಹಸಿರು, ಹುಡುಕಿದರೂ ಕಾಯಿಲ್ಲ. ಬುಡದಲ್ಲಿ ಒಂದು ಪೈಪು ಬಿದ್ದಿತ್ತು, ನೀರು ಬುಳುಬುಳು ಹರಿದು ಪಾತಿ ತುಂಬಿ ಹೊರಗೆ ಬರುತ್ತಿತ್ತು. ದೊಡ್ಡವ್ವ ಎಲೆ ಕೀಳಲಿಲ್ಲ, ಮಡಚಲಿಲ್ಲ. ಪೈಪಿನ ಜಾಡು ಹಿಡಿದು ನಡೆದಳು, ನಲ್ಲಿ ಸಿಕ್ಕಿತು, ಬಗ್ಗಿ ತಿರುಗಿಸಿ ಮುಚ್ಚಿಬಿಟ್ಟಳು. ಅದು ತನ್ನ ತೋಟವಲ್ಲ ಎಂಬುದು ಆಕೆಯ ಕೈಗೆ ಹೊಳೆದೇ ಇರಲಿಲ್ಲ.

“ಯಾರ್ರೀ ಅದು ನಲ್ಲಿ ನಿಲ್ಸಿದ್ದು?” ಖಾಕಿ ಅಂಗಿಯ ಮಾಲಿಯೊಬ್ಬ ಸಸಿಗಳ ನಡುವಿನಿಂದ ಎದ್ದು ಬಂದ.

“ನಾನss. ಈ ಗಿಡಕ್ಕ ಎಷ್ಟ ದಿನಕ್ಕೊಮ್ಮೆ ನೀರ ಬಿಡ್ತಿ?”

“ದಿನಾ ಬಿಡ್ತೀವಿ. ಯಾಕಜ್ಜಿ?”

“ಕಾಯಿ ಹಿಡದೈತೇನ ಯಾವಾಗರ?”

“ಅಪರೂಪಕ್ಕೆ ಒಂದೋ ಎರಡೋ.”

“ಹೆಂಗ ಹಿಡೀತೈತಿ? ನೀ ಹಿಂಗ ದಿನಾ ಕುಡಿಸಿದ್ರ ಅದಕ್ಕ ಕಾಯಿ ಯಾಕ ಬೇಕು? ಇಪ್ಪತ್ತ ದಿನ ಮುಚ್ಚು. ಎಲಿ ಉದುರತಾವ, ಅಂಜಬ್ಯಾಡ. ಉದುರ್ಲಿ.”

“ಎಲೆ ಉದುರಿದ್ರೆ ನಮ್ ಸಾಹೇಬ್ರು ನನ್ನೂ ಉದುರಿಸ್ತಾರೆ ಅಜ್ಜಿ!” ಆತ ನಕ್ಕ. ವಯಸ್ಸಾದವನು, ಸಿಟ್ಟಿನ ಮನುಷ್ಯನಲ್ಲ. “ಯಾವೂರು ನಿಮ್ದು?”

“ಇಂಡಿ. ಲಿಂಬಿ ಊರು. ನಿಂಗ್ಯಾಕ ಹೇಳಾಕತ್ತೇನಿ ಅಂದ್ರ...”

“ಗೊತ್ತಾಯ್ತಜ್ಜಿ. ಆದ್ರೆ ಇದು ತೋಟ ಅಲ್ಲ. ಇಲ್ಲಿ ಕಾಯಿಗೋಸ್ಕರ ಯಾವ್ದನ್ನೂ ಸಾಕಲ್ಲ.”

“ಮತ್ತ ಯಾತಕ?”

“ಸುಮ್ನೆ. ಇರ್ಲಿ ಅಂತ.”

“ಕಾಯಿ ಕೊಡದಿದ್ರ?”

“ಕೊಡದಿದ್ರೆ ಬೇಡ ಬಿಡಿ. ಗಿಡ ಇದ್ಯಲ್ಲ.”

ದೊಡ್ಡವ್ವ ಗಿಡವನ್ನು ನೋಡಿದಳು, ಆ ಮುದುಕನನ್ನು ನೋಡಿದಳು, ಆಮೇಲೆ ತಿರುಗಿ ನನ್ನನ್ನು ನೋಡಿದಳು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಯಾವಾಗ ಶುರುವಾಯಿತೋ ಗೊತ್ತಿಲ್ಲ. ಕೂಸು ಹೋದ ಮೇಲೆ ನಾನು ಅತ್ತಿದ್ದು ಅದೇ ಮೊದಲು. ಮುದುಕ ಗಾಬರಿಯಾಗಿ, “ನಾನೇನು ಬೈದಿಲ್ಲಮ್ಮ” ಎಂದ. ದೊಡ್ಡವ್ವ ಬಗ್ಗಿ ನಲ್ಲಿಯನ್ನು ಮತ್ತೆ ತಿರುವಿದಳು. ನೀರು ಪೈಪಿನಲ್ಲಿ ಸೂಸಿ ಬುಡಕ್ಕೆ ಬೀಳುವತನಕ ಕಾದಳು. ನನ್ನ ಕೈ ಹಿಡಿದು ಹತ್ತಿರದ ಕಲ್ಲುಬೆಂಚಿನ ಕಡೆ ಕರೆದೊಯ್ದು ನನ್ನನ್ನು ಕೂರಿಸಿ, ತಾನೂ ಕುಳಿತಳು.

ಎಷ್ಟು ಹೊತ್ತು ಕುಳಿತಿದ್ದೆವೋ. ಬಿಸಿಲು ನಮ್ಮ ಪಾದದಿಂದ ಮಡಿಲಿಗೆ ಏರಿತು. ವಾಕಿಂಗಿನವರೆಲ್ಲ ಮನೆಗೆ ಹೋಗಿದ್ದರು. ನಾನು ಅತ್ತೆ, ನಿಲ್ಲಿಸಿದೆ, ಮತ್ತೆ ಅತ್ತೆ. ಕುಳಿತೇ ಇದ್ದರೂ ಆಕೆಯ ಪಾದ ಮಾತ್ರ ನೆಲವನ್ನು ಕೆದರುತ್ತಲೇ ಇತ್ತು. ಬಳೆಗಳನ್ನು ಒಂದೊಂದಾಗಿ ಮೊಣಕೈಗೆ ಏರಿಸುವುದು, ಇಳಿಸುವುದು. ಆಕೆಯೊಳಗೆ ಏನು ನಡೆದಿದೆ ಎಂದು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಅಲ್ಲಿ ಗಿಡ ಎಲೆ ಉದುರಿಸುತ್ತಿದೆ. ಸಂಜೆ ರೈಲಿದೆ. ನಾಳೆ ಮುಂಜಾನೆ ಇಳಿದರೆ ಆ ದಿನ ಕೈಗೆ ಸಿಗುತ್ತದೆ.

ಕೊನೆಗೆ ಎದ್ದು, “ಮನಿ ಮುಟ್ಟಿದ ಕೂಡಲೆ ಟಿಕೀಟ ರದ್ದ ಮಾಡಸಾಕ ಹೇಳು” ಎಂದಳು.

“ತ್ವಾಟ?”

“ನಿಮ್ಮ ದೊಡ್ಡಪ್ಪ ಅದಾರಲ್ಲ.”

ದೊಡ್ಡಪ್ಪ ಇದ್ದರೆ ತೋಟ ಏನಾಗುತ್ತದೆ ಎಂದು ಆಕೆಗೆ ಗೊತ್ತಿತ್ತು. ನನಗೂ ಗೊತ್ತಿತ್ತು. “ಹೋಗು ದೊಡ್ಡವ್ವ” ಎನ್ನಬೇಕಿತ್ತು. ಅಂದಿದ್ದರೂ ಆಕೆ ಹೋಗುತ್ತಿರಲಿಲ್ಲವೇನೋ. ಆದರೆ ನಾನು ಅನ್ನಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಮತ್ತೆ ಇಪ್ಪತ್ತು ದಿನ ಇದ್ದಳು. ಗುಡ್ಡ ಹತ್ತುವುದನ್ನು ಬಿಟ್ಟಳು. ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿಕೊಡುವಾಗ ಅಡುಗೆಮನೆಗೆ ಹೋಗಿ ದನಿ ತಗ್ಗಿಸುವಳು. “ಮೊದಲ ನೆಲ ತೊಯ್ಯೂ ಅಷ್ಟ. ಮೂರ ದಿನ ಬಿಟ್ಟು ಪೂರಾ. ಕೇಳಾಕತ್ತೀರಿಲ್ಲ?” ಆತ ಹೂಂ ಎನ್ನುತ್ತಿದ್ದುದು ಕೇಳಿಸುತ್ತಿತ್ತು. ನಡುವೆ ಒಂದು ದಿನ ಫೋನು ಮುಗಿಸಿ ಬಂದವಳು ತೊಳೆದ ಪಾತ್ರೆಯನ್ನೆಲ್ಲ ಮತ್ತೆ ತೊಳೆಯತೊಡಗಿದಳು. ಏನಾಯಿತು ಎಂದೆ. “ಏನಿಲ್ಲ, ಬಾಳ ಚೊಲೋ ಅದಾವಂತ ಗಿಡ. ಹಚ್ಚಗ ಅದಾವಂತ” ಎಂದಳು. ಹಚ್ಚಗೆ ಎಂದರೆ ಬರೀ ಚಿಗುರು, ಹೂವಿಲ್ಲ. ಅದನ್ನು ಲಿಂಬೆಯ ಊರಿನ ಸಂಬಂಧವಿದ್ದ ನಾನು ಕೇಳಬೇಕಾಗಿರಲಿಲ್ಲ.

ಆ ಬೇಸಿಗೆಯಲ್ಲೂ ಎಂದಿನಂತೆ ಒಂದು ಚೀಲ ಲಿಂಬೆ ಬಂತು. ಬೆಂಗಳೂರಿಗೆ ಬರುವ ಯಾರದೋ ಕೈಯಲ್ಲಿ ಕಳಿಸಿದ್ದಳು. ನಾನು ನಿರಾಳವಾದೆ. ಹಾಗಾದರೆ ತೋಟಕ್ಕೆ ಏನೂ ಆಗಿಲ್ಲ ಎಂದುಕೊಂಡೆ. ನಿರಾಳವಾಗಲು ಮನಸ್ಸು ಎಷ್ಟು ಸಣ್ಣ ನೆಪ ಹುಡುಕುತ್ತದೆ ನೋಡಿ.

ಮುಂದೆ ನಮಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಮಕ್ಕಳಾಗಲಿಲ್ಲ. ದೊಡ್ಡವ್ವ ಬರುತ್ತಿದ್ದಳು, ಬಾಗಿಲಲ್ಲಿ ನಿಂತು ಚಹಾ ಕುಡಿದು ಹೋಗುತ್ತಿದ್ದಳು. ಏನಾದರೂ ವಿಶೇಷವೇ ಎಂದು ಉಳಿದ ನೆಂಟರು ನನ್ನ ಹೊಟ್ಟೆಯ ಕಡೆ ನೋಡಿ ಕೇಳಿದ ಹಾಗೆ ಆಕೆ ಒಂದು ದಿನವೂ ಕೇಳಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ತೋಟದಿಂದ ಬಂದವಳು ಎದೆ ನೋವು ಎಂದಳಂತೆ. ಇಂಡಿಯ ದವಾಖಾನೆಗೆ ಒಯ್ಯುವ ದಾರಿಯಲ್ಲೇ, “ಟಂಟಂ ಜೋರ ಹೊಡಿಯಪ್ಪ, ಎಷ್ಟ ಸಾವಕಾಶ ಹೊಡೀತಿ” ಎಂದು ಚಾಲಕನನ್ನು ಬೈಯುತ್ತಲೇ ಹೋದಳಂತೆ. ಅವು ಆಕೆಯ ಕೊನೆಯ ಮಾತು.

ಮಣ್ಣು ಮಾಡಿ ಬಂದ ದಿನ ನೆರೆಮನೆಯ ಮುದುಕಿಯೊಬ್ಬಳು ನನ್ನ ಪಕ್ಕ ಕುಳಿತು ಅಳುತ್ತ ಹೇಳಿದಳು. “ನಿನ್ನ ಬಾಣಂತಿತನಕ್ಕ ಹೋಗಿದ್ಲಲ್ಲವ್ವ, ಆ ವರ್ಸ ಇಕಿ ತ್ವಾಟದಾಗ ಒಂದ ಹೂವ ನಿಲ್ಲಲಿಲ್ಲ. ನಿಮ್ಮ ದೊಡ್ಡಪ್ಪ ಕರಳ ತಡೀಲಾರದ ಮೊದ್ಲ ನೀರ ಬಿಟ್ಟಿದ್ದ. ಊರಿಗೆಲ್ಲ ದಿನ ಹೇಳಾಕಿ ತನ್ನ ದಿನss ಕಳಕೊಂಡ್ಲು ಅಂತ ಮಂದಿ ನಕ್ಕರು. ಇಕಿ ಬಾಯಿ ಬಿಡಲಿಲ್ಲ. ಆ ಬ್ಯಾಸಿಗ್ಯಾಗ ಮಂದಿ ತ್ವಾಟಕ್ಕ ಕಾಯಿ ಬಿಡಸಾಕ ಬರ್ತಿದ್ಲು ನನ್ನ ಜೋಡಿ. ಕೂಲಿ ಬ್ಯಾಡ, ಒಂದ ಚೀಲ ಕಾಯಿ ಕೊಡ್ರಿ, ಬೆಂಗಳೂರಾಗಿನ ನಮ್ಮ ಕೂಸಿಗಿ ಕಳಸಬೇಕು ಅಂದ್ಲು.”

ಮೊನ್ನೆ ದೊಡ್ಡಪ್ಪ ಬಾಗೇವಾಡಿಗೆ ಬಂದಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿದೆ. ದೊಡ್ಡವ್ವ ತರುತ್ತಿದ್ದಂಥದೇ ಚೀಲ. ಚಹಾ ಕೊಟ್ಟು ಎದುರಿಗೆ ಕುಳಿತು, ಹೋದ ವರ್ಷದಿಂದ ಹಿಡಿದಿಟ್ಟದ್ದನ್ನು ಹೇಳಿಬಿಟ್ಟೆ. ಆ ವರ್ಷದ ತೋಟ ನನ್ನಿಂದ ಹೋಯಿತು, ನಾನು ಆಕೆಗೆ ಹೋಗು ಎನ್ನಲಿಲ್ಲ ಎಂದೆ.

ಆತ ಬಸಿಯಲ್ಲಿನ ಚಹಾ ಊದಿದರು. “ನಿನ್ನಿಂದಲ್ಲವ್ವ, ನನ್ನ ಕೈಯಿಂದ” ಎಂದರು. “ಆಕಿ ಬಂದು ಬೈತಾಳಂತ ಅಂಜಿ ಕುಂತಿದ್ನಿ. ಬೈಲಿಲ್ಲ. ತ್ವಾಟ ಎಲ್ಲಾ ತಿರಗ್ಯಾಡಿ ಬಂದು, ಬಾವಿ ಮೂಲ್ಯಾಗಿನ ಒಂದ ಗಿಡ ತೋರಿಸಿ, ‘ಇನ್ನ ಇದಕ್ಕ ನೀರ ಮುಚ್ಚೂದಿಲ್ಲ’ ಅಂದ್ಲು. ಎಲ್ಲಾ ಗಿಡಕ್ಕೂ ಮುಚ್ಚಿದ್ರ ಅದಕ್ಕಷ್ಟ ಕೊಡಾ ಹೊತ್ತ ಹಾಕ್ತಿದ್ಲು. ಕಾಯಿ ಇಲ್ಲ ಏನಿಲ್ಲ. ಯಾಕ ಅಂತ ಕೇಳಿದ್ರ, ‘ಅದು ಬೆಂಗಳೂರ ಗಿಡ ಐತಿ, ಇರ್ಲಿ’ ಅಂತಿದ್ಲು. ಏನ ಮಾತದು, ನಂಗೊಂದೂ ತಿಳೀಲಿಲ್ಲ.”

“ಈಗೂ ಐತೇನ ಅದು?” ಎಂದೆ.

“ಐತಿ.” ಬಸಿಯನ್ನು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ದೊಡ್ಡಪ್ಪ ನಾಚಿಕೊಂಡವರ ಹಾಗೆ ನಕ್ಕರು. “ಉಳದದ್ದರ ದಿನ ನಂಗ ಇವತ್ತಿಗೂ ತಿಳಿಯಂಗಿಲ್ಲ. ಅದೊಂದ ಗಿಡದ್ದ ಮಾತ್ರ ತಪ್ಪಂಗಿಲ್ಲ ನೋಡವ್ವ. ದಿನಾ ಹಾಕೂದ.”